ರಿನೇಮ್ ಅರ್ಧಕ್ಕೇ ನಿಂತರೆ ಎಲ್ಲಿ ನೋಡಬೇಕು? ರಿಫ್ಯಾಕ್ಟರಿಂಗ್ ಸಾಧನಗಳ ದೋಷ ನಿವಾರಣೆ

ಪ್ರೋಗ್ರಾಂ ಮಾಡುವ ಕೆಲಸ ಬದಲಾಗದಂತೆ ಕೋಡನ್ನು ತಿದ್ದಿ ಬರೆಯುವುದು ರಿಫ್ಯಾಕ್ಟರಿಂಗ್; ಹೆಸರು ಬದಲಿಸುವ ರಿನೇಮ್ ಅದರಲ್ಲಿ ಒಂದು. ಒಂದು ಫಂಕ್ಷನ್‌ನ ಹೆಸರು ಬದಲಾಯಿಸಬೇಕು. ಎಡಿಟರ್‌ನಲ್ಲಿ ಎಫ್2 ಒತ್ತುತ್ತೀರಿ, ಹೊಸ ಹೆಸರು ಟೈಪ್ ಮಾಡಿ ಎಂಟರ್ ಹೊಡೆಯುತ್ತೀರಿ. ನಲವತ್ತು ಕಡೆ ಬದಲಾಗಬೇಕಿತ್ತು, ಆರು ಕಡೆ ಮಾತ್ರ ಆಗಿದೆ. ಇಲ್ಲವೇ ಏನೂ ಆಗಿಲ್ಲ. ಇಲ್ಲವೇ ಸಂಬಂಧವೇ ಇಲ್ಲದ ಫೈಲ್ ಒಂದು ಕೆಟ್ಟು ಕೂತಿದೆ. ಆಗ ಬಹಳ ಜನ ಬೇಸತ್ತು ಫೈಂಡ್ ಅಂಡ್ ರಿಪ್ಲೇಸ್‌ಗೆ ಹೋಗುತ್ತಾರೆ. ಹೋಗಬೇಡಿ, ಸ್ವಲ್ಪ ತಾಳಿ.

ನಾನು ನೋಡಿದ ಮಟ್ಟಿಗೆ, ಇಂಥ ತೊಂದರೆಗಳಲ್ಲಿ ಬಹುಪಾಲು ಟೂಲ್‌ನ ತಪ್ಪಲ್ಲ. ನಿಮ್ಮ ಪ್ರಾಜೆಕ್ಟ್ ಅದಕ್ಕೆ ಪೂರ್ತಿ ಕಾಣುತ್ತಿರುವುದಿಲ್ಲ, ಅಷ್ಟೇ. ಹಾಗಾಗಿ ಕೆಳಗಿನ ಯಾವ ಲಕ್ಷಣಕ್ಕಾದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈಗ ಇದಕ್ಕೆ ಏನೇನು ಕಾಣುತ್ತಿದೆ?

ಕೋಡನ್ನು ನೋಡುವ ಬಗೆ ಮೂರು. ಟೆಕ್ಸ್ಟ್ ಸರ್ಚ್‌ಗೆ ಬರೀ ಅಕ್ಷರ ಕಾಣುತ್ತದೆ. ಟ್ರೀ-ಸಿಟರ್‌ನಂಥ ಪಾರ್ಸರ್‌ಗೆ ಒಂದು ಫೈಲ್‌ನ ರಚನೆ ಕಾಣುತ್ತದೆ: ಇದು ಫಂಕ್ಷನ್, ಇದು ಆರ್ಗ್ಯುಮೆಂಟ್, ಇದು ಸ್ಟ್ರಿಂಗ್ ಎಂದು. ಲ್ಯಾಂಗ್ವೇಜ್ ಸರ್ವರ್‌ಗೆ ಅರ್ಥವೂ ಗೊತ್ತಾಗುತ್ತದೆ: ಈ ಫೈಲ್‌ನ ಈ ಹೆಸರು ಆ ಫೈಲ್‌ನ ಆ ಡೆಫಿನಿಷನ್ನೇ ಎಂದು. ನಿಮ್ಮ ಕೆಲಸ ಮಾಡಿದ್ದು ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ದೋಷ ಸಿಕ್ಕ ಹಾಗೆ.

ಕೈ ಹಾಕುವ ಮೊದಲು

ಕಮಿಟ್ ಮಾಡಿ. ಎಲ್ಲ ಫೈಲ್ ಸೇವ್ ಮಾಡಿ, ಹೊಸ ಫೈಲ್‌ಗಳನ್ನೂ ಗಿಟ್‌ಗೆ (ಕೋಡ್‌ನ ಹಳೆ ಆವೃತ್ತಿಗಳನ್ನು ಕಾಪಾಡುವ ಸಾಧನ) ಸೇರಿಸಿ, ಆಮೇಲೆ ಕಮಿಟ್. ಗಿಟ್‌ಗೆ ಸೇರಿಸದ ಫೈಲನ್ನು ಗಿಟ್ ರಿಸ್ಟೋರ್ ವಾಪಸ್ ತರುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಕಮಿಟ್ ಮಾಡದೆ ರಿನೇಮ್ ಮಾಡಿ, ಅದು ಕೆಟ್ಟಿತೆಂದು ಎಲ್ಲವನ್ನೂ ರಿಸ್ಟೋರ್ ಮಾಡಿದರೆ ಬೆಳಗ್ಗೆಯಿಂದ ನೀವು ಬರೆದ ಕೋಡೂ ಅದರ ಜೊತೆಗೇ ಹೋಗುತ್ತದೆ.

ಗುರುತಿಲ್ಲದವರ ಪ್ರಾಜೆಕ್ಟ್ ಆಗಿದ್ದರೆ ಇನ್ನೂ ಹುಷಾರು. ಕೋಡನ್ನು ಅರ್ಥ ಮಾಡಿಕೊಳ್ಳಲು ರಸ್ಟ್-ಅನಲೈಸರ್ (ರಸ್ಟ್ ಭಾಷೆಯ ಲ್ಯಾಂಗ್ವೇಜ್ ಸರ್ವರ್) ಆ ಪ್ರಾಜೆಕ್ಟ್‌ನ ಬಿಲ್ಡ್ ಸ್ಕ್ರಿಪ್ಟ್ ಮತ್ತು ಪ್ರೊಸೀಜರಲ್ ಮ್ಯಾಕ್ರೋಗಳನ್ನು ಓಡಿಸುತ್ತದೆ. ಗ್ರೇಡಲ್ ಎಂಬ ಬಿಲ್ಡ್ ಸಾಧನ ಬಳಸುವ ಪ್ರಾಜೆಕ್ಟ್ ಇಂಪೋರ್ಟ್ ಮಾಡಿದಾಗಲೂ ಅದರ ಸ್ಕ್ರಿಪ್ಟ್ ಓಡುತ್ತದೆ. ಅಂದರೆ ಫೋಲ್ಡರ್ ತೆರೆದು "ನಂಬುತ್ತೇನೆ" ಅಂದರೆ, ಬೇರೆಯವರ ಕೋಡ್ ನಿಮ್ಮ ಯಂತ್ರದಲ್ಲಿ ಓಡಲು ಒಪ್ಪಿಗೆ ಕೊಟ್ಟಂತೆ. ಯೋಚಿಸಿ ಒತ್ತಿ.

ಲಕ್ಷಣ: ರಿನೇಮ್ ಒತ್ತಿದರೆ ಏನೂ ಆಗುತ್ತಿಲ್ಲ

ಮೊದಲು ಕರ್ಸರ್ ಎಲ್ಲಿದೆ ನೋಡಿ. ಅದು ಹೆಸರಿನ ಮೇಲೇ ಇರಬೇಕು. ಪಕ್ಕದ ಬ್ರಾಕೆಟ್ ಮೇಲೋ ಕಾಮೆಂಟ್ ಒಳಗೋ ಇದ್ದರೆ ನಡೆಯುವುದಿಲ್ಲ. ಆಮೇಲೆ ಕೆಳಗಿನ ಪಟ್ಟಿಯಲ್ಲಿ ಭಾಷೆ ಯಾವುದೆಂದು ಇದೆ ನೋಡಿ. "ಪ್ಲೇನ್ ಟೆಕ್ಸ್ಟ್" ಅಂತಿದ್ದರೆ ಎಡಿಟರ್‌ಗೆ ಅದು ಕೋಡ್ ಅಂತಲೇ ಗೊತ್ತಿಲ್ಲ. ಇಂಡೆಕ್ಸಿಂಗ್ (ಎಲ್ಲ ಫೈಲ್ ಓದಿ ಹೆಸರುಗಳ ಪಟ್ಟಿ ಮಾಡುವ ಕೆಲಸ) ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಇಂಟೆಲಿಜೆ ಆ ಹೊತ್ತಿನಲ್ಲಿ ರಿಫ್ಯಾಕ್ಟರಿಂಗ್ ಬಿಡುವುದೇ ಇಲ್ಲ, ಅದು ಸರಿಯೂ ಹೌದು. ವಿಎಸ್ ಕೋಡ್‌ನಲ್ಲಿ "ರಿಸ್ಟ್ರಿಕ್ಟೆಡ್ ಮೋಡ್" ಎಂಬ ಪಟ್ಟಿ ಕಾಣುತ್ತಿದ್ದರೆ, ಎಷ್ಟೋ ಎಕ್ಸ್‌ಟೆನ್ಷನ್‌ಗಳು ಪೂರ್ತಿಯಾಗಿಯೋ ಭಾಗಶಃವೋ ಮಲಗಿರುತ್ತವೆ.

ಇಷ್ಟೂ ಸರಿಯಿದ್ದರೆ ಸರ್ವರ್ ಸತ್ತಿರಬಹುದು. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲನ್ನು ಎಲ್ಲರಿಗೂ ತೆರೆದಿಟ್ಟಿತು. ಅದನ್ನು ಬಳಸುವ ಎಡಿಟರ್‌ಗಳಲ್ಲಿ ಎಡಿಟರ್ ಒಂದು ಪ್ರೋಗ್ರಾಂ, ಕೋಡ್ ಅರ್ಥ ಮಾಡಿಕೊಳ್ಳುವ ಸರ್ವರ್ ಇನ್ನೊಂದು. ಸರ್ವರ್ ಬಿದ್ದರೂ ಎಡಿಟರ್ ಆರಾಮಾಗಿ ಓಡುತ್ತಿರುತ್ತದೆ. ಬಣ್ಣಗಳೂ ಬರುತ್ತಿರುತ್ತವೆ, ಏಕೆಂದರೆ ಬಣ್ಣ ಹಾಕುವ ಕೆಲಸ ಬಹುಮಟ್ಟಿಗೆ ಬೇರೆಯವರದ್ದು. ಅದಕ್ಕೇ "ಬಣ್ಣ ಬರ್ತಿದೆ, ಸರ್ವರ್ ಸರಿಯಿದೆ" ಅಂದುಕೊಳ್ಳಬೇಡಿ. ಹೆಸರಿನ ಮೇಲೆ ಮೌಸ್ ಇಡಿ. ಟೈಪ್ ವಿವರ ಬಂದರೆ ಸರ್ವರ್ ಬದುಕಿದೆ. ಬರದಿದ್ದರೆ ಕಮಾಂಡ್ ಪಟ್ಟಿಯಿಂದ ಸರ್ವರ್ ರೀಸ್ಟಾರ್ಟ್ ಮಾಡಿ. ಇಡೀ ಎಡಿಟರ್ ಮುಚ್ಚಿ ತೆರೆಯಬೇಕಿಲ್ಲ.

ರೀಸ್ಟಾರ್ಟ್ ಆದ ಮೇಲೂ ಬಿದ್ದರೆ ಔಟ್‌ಪುಟ್ ಪ್ಯಾನೆಲ್‌ನಲ್ಲಿ ಆ ಸರ್ವರ್‌ನ ಲಾಗ್ ತೆರೆಯಿರಿ. ಕೊನೆಯ ಸಾಲಲ್ಲ, ಮೊದಲ ಎರರ್ ಓದಿ. ಉಳಿದವು ಹೆಚ್ಚಾಗಿ ಅದರ ಬಾಲ ಹಿಡಿದು ಬಂದವು. ಕ್ಯಾಶ್ ಅಳಿಸುವುದು ಕೊನೆಯ ಹೆಜ್ಜೆ. ದೊಡ್ಡ ಪ್ರಾಜೆಕ್ಟ್‌ನಲ್ಲಿ ಮತ್ತೆ ಇಂಡೆಕ್ಸ್ ಆಗಲು ತುಂಬ ಹೊತ್ತು ಹಿಡಿಯುತ್ತದೆ, ಕಾರಣವೂ ಗೊತ್ತಾಗದೆ ಉಳಿಯುತ್ತದೆ.

ಲಕ್ಷಣ: ಕೆಲವು ಕಡೆ ಬದಲಾಯಿತು, ಕೆಲವು ಕಡೆ ಇಲ್ಲ

ಎಲ್ಲಕ್ಕಿಂತ ಜಾಸ್ತಿ ಬರುವ ತೊಂದರೆ ಇದು. ಇಲ್ಲಿ ನಿಧಾನವಾಗಿ ಹೋಗೋಣ.

ಬದಲಾಗದೆ ಉಳಿದ ಒಂದು ಜಾಗಕ್ಕೆ ಹೋಗಿ. ರಿನೇಮ್ ಅನ್‌ಡೂ ಮಾಡಿ, ಹಳೆ ಹೆಸರಿನ ಮೇಲೆ ಮೌಸ್ ಇಡಿ, ಆಮೇಲೆ "ಗೋ ಟು ಡೆಫಿನಿಷನ್" ಒತ್ತಿ. ಖರ್ಚಿಲ್ಲದ ಪರೀಕ್ಷೆ, ಆದರೆ ಇದು ಹೇಳುವಷ್ಟು ಬೇರೆ ಯಾವುದೂ ಹೇಳುವುದಿಲ್ಲ. ಉತ್ತರ ನಾಲ್ಕು ಥರ ಬರಬಹುದು.

ಡೆಫಿನಿಷನ್ ಸರಿಯಾಗಿಯೇ ತೆರೆಯಿತು ಅಂದುಕೊಳ್ಳಿ. ಆಗ ಆ ಫೈಲನ್ನು ತೆರೆದಿಟ್ಟುಕೊಂಡೇ ಮತ್ತೆ ರಿನೇಮ್ ಮಾಡಿ. ಈ ಸಲ ಅಲ್ಲೂ ಬದಲಾದರೆ ಕಾರಣ ಸಿಕ್ಕಿತು: ಆ ಫೈಲ್ ಪ್ರಾಜೆಕ್ಟ್‌ನ ಪಟ್ಟಿಯಲ್ಲಿಲ್ಲ, ನೀವು ತೆರೆದಾಗ ಮಾತ್ರ ಸರ್ವರ್‌ಗೆ ಕಾಣುತ್ತದೆ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಟಿಎಸ್‌ಕಾನ್ಫಿಗ್ ಫೈಲ್‌ನ "ಇನ್‌ಕ್ಲೂಡ್" ಸಾಲು ನೋಡಿ. ಎಷ್ಟೋ ಸಲ ಅಲ್ಲಿ ಮುಖ್ಯ ಕೋಡ್‌ನ ಫೋಲ್ಡರ್ ಮಾತ್ರ ಇರುತ್ತದೆ, ಟೆಸ್ಟ್ ಫೋಲ್ಡರ್ ಇರುವುದಿಲ್ಲ. ಬರೀ ಜಾವಾಸ್ಕ್ರಿಪ್ಟ್ ಆದರೆ ಜೆಎಸ್‌ಕಾನ್ಫಿಗ್ ಫೈಲ್ ಒಂದನ್ನು ಇಟ್ಟರೆ ಸಾಕಾಗುತ್ತದೆ.

ಡೆಫಿನಿಷನ್ ತೆರೆಯಿತು, ಆದರೆ ಅದು ಬಿಲ್ಡ್ ಆಗಿ ಹೊರಬಂದ "ಡಿಸ್ಟ್" ಫೋಲ್ಡರ್‌ನ ಫೈಲು. ಒಂದೇ ರೆಪೋದಲ್ಲಿ (ಗಿಟ್‌ನ ಕೋಡ್ ಸಂಗ್ರಹ) ಹಲವು ಪ್ಯಾಕೇಜ್ ಇಟ್ಟಾಗ ಹೀಗಾಗುತ್ತದೆ. ಒಂದು ಪ್ಯಾಕೇಜ್ ಇನ್ನೊಂದರ ಮೂಲ ಕೋಡ್ ನೋಡುವ ಬದಲು ಅದರ ಬಿಲ್ಡ್ ನೋಡುತ್ತಿದೆ. ಪ್ರಾಜೆಕ್ಟ್ ರೆಫರೆನ್ಸ್ ಸರಿಪಡಿಸಿ, ಡಿಕ್ಲರೇಷನ್ ಮ್ಯಾಪ್ (ಬಿಲ್ಡ್‌ನಿಂದ ಮೂಲ ಕೋಡ್‌ಗೆ ದಾರಿ ತೋರಿಸುವ ಫೈಲ್) ಆನ್ ಮಾಡಿ. ಡಿಸ್ಟ್ ಒಳಗಿನ ಫೈಲನ್ನು ಕೈಯಿಂದ ತಿದ್ದಬೇಡಿ, ಮುಂದಿನ ಬಿಲ್ಡ್ ಅದನ್ನು ಅಳಿಸಿ ಹಾಕುತ್ತದೆ.

ಡೆಫಿನಿಷನ್ ಸಿಗಲೇ ಇಲ್ಲ, ಮೌಸ್ ಇಟ್ಟರೆ ಟೈಪ್ "ಎನಿ" ಅಂತ ಬಂತು. ಅಂದರೆ ಆ ವಸ್ತು ಏನೆಂದು ಟೂಲ್‌ಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅದು ಮುಟ್ಟುವುದಿಲ್ಲ, ಮುಟ್ಟಲೂ ಬಾರದು. ಪೈಥಾನ್‌ನಲ್ಲಿ ಮೊದಲು ಇಂಟರ್‌ಪ್ರಿಟರ್ ಆಯ್ಕೆ ನೋಡಿ. ವರ್ಚುವಲ್ ಎನ್ವಿರಾನ್‌ಮೆಂಟ್ ಬೇರೆ ಆಗಿದ್ದರೆ ಇಂಪೋರ್ಟ್‌ಗಳೇ ಸಿಗುವುದಿಲ್ಲ. ಅದು ಸರಿಯಿದ್ದರೆ ಫಂಕ್ಷನ್‌ನ ಪ್ಯಾರಾಮೀಟರ್‌ಗೆ ಟೈಪ್ ಹಿಂಟ್ ಬರೆದು ಮತ್ತೆ ರಿನೇಮ್ ಮಾಡಿ. ಒಂದೇ ಒಂದು ಹಿಂಟ್‌ನಿಂದ ಹತ್ತಾರು ಜಾಗ ಒಮ್ಮೆಗೇ ಕಾಣತೊಡಗುವುದನ್ನು ನೋಡಿದ್ದೇನೆ.

ನಾಲ್ಕನೆಯದು, ಆ ಕೋಡ್ ಈಗಿನ ಬಿಲ್ಡ್‌ನಲ್ಲೇ ಇಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಇಫ್‌ಡೆಫ್ ಒಳಗಿನ ಭಾಗ, ಗೋ ಭಾಷೆಯಲ್ಲಿ ಬೇರೆ ಬಿಲ್ಡ್ ಟ್ಯಾಗ್‌ನ ಫೈಲ್, ರಸ್ಟ್‌ನಲ್ಲಿ ಆಫ್ ಆಗಿರುವ ಫೀಚರ್. ಎಡಿಟರ್ ಹಲವು ಸಲ ಇವನ್ನು ಮಂಕಾಗಿ ತೋರಿಸುತ್ತದೆ. ಟೂಲ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಬಿಲ್ಡ್ ರೂಪವನ್ನೇ ನೋಡುತ್ತದೆ. ಲಿನಕ್ಸ್ ರೂಪದಲ್ಲಿ ರಿನೇಮ್ ಮಾಡಿದರೆ ವಿಂಡೋಸ್ ರೂಪದ ಕೋಡ್ ಹಳೆ ಹೆಸರಿನಲ್ಲೇ ಉಳಿಯುತ್ತದೆ. ಕ್ಲಾಂಗ್‌ಡಿ (ಸಿ, ಸಿ ಪ್ಲಸ್ ಪ್ಲಸ್‌ನ ಲ್ಯಾಂಗ್ವೇಜ್ ಸರ್ವರ್) ಬಳಸುವವರು ಕಂಪೈಲ್ ಕಮಾಂಡ್ಸ್ ಜೇಸಾನ್ ಫೈಲ್ ಇದೆಯೇ, ಹಳತಾಗಿದೆಯೇ ನೋಡಿ. ಅದಿಲ್ಲದಿದ್ದರೆ ಯಾವ ಫೈಲ್ ಹೇಗೆ ಕಂಪೈಲ್ ಆಗುತ್ತದೆಂದು ಕ್ಲಾಂಗ್‌ಡಿ ಊಹೆ ಮಾಡಬೇಕಾಗುತ್ತದೆ. ಸಿಮೇಕ್‌ನಲ್ಲಿ ಒಂದು ಸೆಟ್ಟಿಂಗ್ ಆನ್ ಮಾಡಿದರೆ ಆ ಫೈಲ್ ತಾನಾಗಿ ತಯಾರಾಗುತ್ತದೆ.

ಇವೆಲ್ಲ ಟೂಲ್‌ಗೆ ತೋರಿಸಬಹುದಾದವು. ಎಷ್ಟು ಮಾಡಿದರೂ ತೋರಿಸಲಾಗದವು ಕೆಲವಿವೆ: ಸ್ಟ್ರಿಂಗ್ ಒಳಗಿನ ಹೆಸರು, ರಿಫ್ಲೆಕ್ಷನ್‌ನಿಂದ (ಪ್ರೋಗ್ರಾಂ ಓಡುವಾಗ ಹೆಸರು ಹಿಡಿದು ಹುಡುಕಿ) ಕರೆಯುವ ಮೆಥಡ್, ಟೆಂಪ್ಲೇಟ್ ಫೈಲ್, ಕಾನ್ಫಿಗ್ ಫೈಲ್, ಎಸ್‌ಕ್ಯೂಎಲ್ ಸಾಲು. ಒಮ್ಮೆ ಜಾವಾ ಕ್ಲಾಸಿನ ಒಂದು ಫೀಲ್ಡ್‌ನ ಸ್ಪೆಲ್ಲಿಂಗ್ ತಪ್ಪಾಗಿತ್ತು, ರಿನೇಮ್ ಮಾಡಿದೆ. ಕಂಪೈಲ್ ಆಯಿತು, ಟೆಸ್ಟ್ ಎಲ್ಲ ಹಸಿರು. ಮಾರನೇ ದಿನ ಮೊಬೈಲ್ ಆ್ಯಪ್‌ನಲ್ಲಿ ವಿಳಾಸದ ಜಾಗ ಖಾಲಿ ಬರುತ್ತಿತ್ತು. ಆ ಫೀಲ್ಡ್‌ನ ಹೆಸರೇ ಜೇಸಾನ್‌ನಲ್ಲಿ ಹೊರಗೆ ಹೋಗುತ್ತಿತ್ತು, ಆ್ಯಪ್ ಹಳೆ ತಪ್ಪು ಸ್ಪೆಲ್ಲಿಂಗ್‌ಗೇ ಕಾಯುತ್ತಿತ್ತು. ರಿನೇಮ್ ತನ್ನ ಕೆಲಸವನ್ನು ಒಂದಿಷ್ಟೂ ತಪ್ಪಿಲ್ಲದೆ ಮಾಡಿತ್ತು. ಅಂದಿನಿಂದ ರಿನೇಮ್ ಆದ ತಕ್ಷಣ ಹಳೆ ಹೆಸರನ್ನು ಗಿಟ್ ಗ್ರೆಪ್‌ನಿಂದ ಇಡೀ ರೆಪೋದಲ್ಲಿ ಹುಡುಕುತ್ತೇನೆ. ಎಲ್ಲಿ ಉಳಿದಿದೆಯೋ ಅದನ್ನು ಒಂದೊಂದಾಗಿ ಕಣ್ಣಿಂದಲೇ ನೋಡುತ್ತೇನೆ. ಹೆಸರು ಹೊರಗೆ ಹೋಗುವ ಫೀಲ್ಡ್ ಆಗಿದ್ದರೆ ಒಳಗಿನ ಹೆಸರು ಬದಲಿಸಿ, ಹೊರಗಿನ ಹಳೆ ಹೆಸರನ್ನು ಅನೋಟೇಷನ್‌ನಲ್ಲಿ ಕಟ್ಟಿಹಾಕುತ್ತೇನೆ.

ಲಕ್ಷಣ: ಬೇಡದ ಕಡೆಯೂ ಬದಲಾಯಿತು

ಸಂಬಂಧವಿಲ್ಲದ ಕಾಮೆಂಟ್, ಸ್ಟ್ರಿಂಗ್ ಬದಲಾಗಿದ್ದರೆ ರಿನೇಮ್ ಡಯಲಾಗ್‌ನಲ್ಲಿ "ಕಾಮೆಂಟ್ ಮತ್ತು ಸ್ಟ್ರಿಂಗ್‌ಗಳಲ್ಲೂ ಹುಡುಕು" ಎಂಬ ಟಿಕ್ ಬಿದ್ದಿದೆ. ಅದು ಅರ್ಥ ನೋಡುವುದಿಲ್ಲ, ಅಕ್ಷರ ನೋಡುತ್ತದೆ. "ಐಡಿ", "ನೇಮ್" ಥರದ ಚಿಕ್ಕ ಹೆಸರಿಗೆ ಆ ಟಿಕ್ ತೆಗೆಯಿರಿ.

ಬೇರೆ ಕ್ಲಾಸಿನ ಮೆಥಡ್ ಬದಲಾಗಿದ್ದರೆ ಗಾಬರಿ ಬೇಡ, ಅದು ಸರಿಯೇ ಇರಬಹುದು. ಎರಡೂ ಒಂದೇ ಇಂಟರ್‌ಫೇಸ್‌ನ ಮೆಥಡನ್ನು ಜಾರಿ ಮಾಡುತ್ತಿದ್ದರೆ ಒಂದನ್ನು ಮಾತ್ರ ಬದಲಿಸಲಾಗದು. ಪ್ರಿವ್ಯೂ ನೋಡುವ ಅಭ್ಯಾಸ ಇಲ್ಲಿ ನಿಜಕ್ಕೂ ಕೈ ಹಿಡಿಯುತ್ತದೆ. ವಿಎಸ್ ಕೋಡ್‌ನಲ್ಲಿ ಎಂಟರ್ ಬದಲು ಕಂಟ್ರೋಲ್ ಎಂಟರ್ ಒತ್ತಿದರೆ, ಮ್ಯಾಕ್‌ನಲ್ಲಿ ಕಮಾಂಡ್ ಎಂಟರ್ ಒತ್ತಿದರೆ, ಬದಲಾವಣೆಗಳ ಪಟ್ಟಿ ಮೊದಲು ಕಾಣುತ್ತದೆ.

ಲಕ್ಷಣ: ರಿನೇಮ್ ಆದ ಮೇಲೆ ಸಾಲು ಚೂರುಚೂರು

ಕನ್ನಡದಲ್ಲಿ ಸಂದೇಶ ಬರೆಯುವ ನಮ್ಮಂಥವರಿಗೆ ಇದು ವಿಶೇಷವಾಗಿ ಗೊತ್ತಿರಬೇಕು. ಹೊಸ ಹೆಸರು ಸರಿಯಾದ ಸಾಲಿಗೇ ಬಂದಿದೆ, ಆದರೆ ಜಾಗ ತಪ್ಪಿದೆ. ಹಳೆ ಹೆಸರಿನ ಬಾಲ ಉಳಿದು, ಪಕ್ಕದ ಬ್ರಾಕೆಟ್ ನುಂಗಿಹೋಗಿದೆ. ಆ ಸಾಲಿನಲ್ಲಿ ಹೆಸರಿಗಿಂತ ಮುಂಚೆ ಕನ್ನಡ ಸ್ಟ್ರಿಂಗ್ ಅಥವಾ ಎಮೋಜಿ ಇದೆಯೇ ನೋಡಿ.

"ಹೆಸರು" ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ: ಹ, ಎತ್ವ, ಸ, ರ, ಕೊಂಬು. ಈ ಸಂಕೇತಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಎರಡು ಬಗೆ ಯುಟಿಎಫ್-16 ಮತ್ತು ಯುಟಿಎಫ್-8. ಯುಟಿಎಫ್-16ರಲ್ಲಿ ಎಣಿಸಿದರೆ 5. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಲ್ಲಿ ಸಾಲಿನೊಳಗಿನ ಜಾಗವನ್ನು ಯುಟಿಎಫ್-16 ಲೆಕ್ಕದಲ್ಲೇ ಹೇಳಬೇಕಿತ್ತು. ಬೇರೆ ಲೆಕ್ಕಕ್ಕೆ ಎರಡೂ ಕಡೆ ಒಪ್ಪಿಕೊಳ್ಳುವ ದಾರಿ ಬಂದದ್ದು 2022ರ 3.17 ಆವೃತ್ತಿಯಲ್ಲಿ. ಸರ್ವರ್ ಬೈಟ್ ಎಣಿಸಿ, ಎಡಿಟರ್ ಅದನ್ನು ಯುಟಿಎಫ್-16 ಅಂತ ಓದಿದರೆ ತಿದ್ದುಪಡಿ ಹತ್ತು ಜಾಗ ಬಲಕ್ಕೆ ಹೋಗಿ ಬೀಳುತ್ತದೆ.

ಪರೀಕ್ಷೆ ಸುಲಭ. ಸ್ಟ್ರಿಂಗ್ ಆದ ಮೇಲೆ ಎಂಟರ್ ಹೊಡೆದು ಹೆಸರನ್ನು ಮುಂದಿನ ಸಾಲಿಗೆ ತಳ್ಳಿ, ಮತ್ತೆ ರಿನೇಮ್ ಮಾಡಿ. ಸರಿ ಹೋದರೆ ಎಣಿಕೆಯ ದೋಷವೇ. ಇನ್ನೂ ಒಂದು ಹೆಜ್ಜೆ ಹೋಗಬಹುದು. ಕನ್ನಡ ಇದ್ದರೂ ಕೆಡುತ್ತದೆ, ಎಮೋಜಿ ಇದ್ದರೂ ಕೆಡುತ್ತದೆ ಅಂದರೆ ಸರ್ವರ್ ಬೈಟ್ ಎಣಿಸುತ್ತಿದೆ. ಕನ್ನಡಕ್ಕೆ ಸರಿಯಿದ್ದು ಎಮೋಜಿಗೆ ಮಾತ್ರ ಕೆಟ್ಟರೆ ಅದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತಿದೆ. ಬಹುಪಾಲು ಎಮೋಜಿಗಳು ಯುಟಿಎಫ್-16ರಲ್ಲಿ ಎರಡು ಜಾಗ ಹಿಡಿಯುತ್ತವೆ, ಕನ್ನಡದ ಸಂಕೇತ ಒಂದೇ. ಇದು ಟೂಲ್‌ನದ್ದೇ ತಪ್ಪು, ನೀವು ಸೆಟ್ಟಿಂಗ್ ಬದಲಿಸಿ ಸರಿಪಡಿಸಲು ಬರುವುದಿಲ್ಲ. ಸರ್ವರನ್ನೂ ಎಡಿಟರನ್ನೂ ಹೊಸ ಆವೃತ್ತಿಗೆ ತನ್ನಿ. ಆಮೇಲೂ ಉಳಿದರೆ ದಯವಿಟ್ಟು ವರದಿ ಮಾಡಿ. ಬರೀ ಇಂಗ್ಲಿಷ್ ಅಕ್ಷರಗಳಲ್ಲಿ ಕೋಡ್ ಬರೆಯುವವರ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ, ನಾವು ಹೇಳದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ.

ಲಕ್ಷಣ: ಎಕ್ಸ್‌ಟ್ರಾಕ್ಟ್ ಸಿಗುತ್ತಿಲ್ಲ, ಅಥವಾ ಮಾಡಿದ ಮೇಲೆ ಪ್ರೋಗ್ರಾಂ ಬೇರೆ ಥರ ನಡೆಯುತ್ತಿದೆ

ಎಕ್ಸ್‌ಟ್ರಾಕ್ಟ್ ಅಂದರೆ ಕೋಡ್‌ನ ಒಂದು ತುಂಡನ್ನು ಬೇರೆ ಫಂಕ್ಷನ್ ಅಥವಾ ವೇರಿಯಬಲ್ ಆಗಿ ತೆಗೆಯುವುದು. ಅದು ಸಿಗುತ್ತಿಲ್ಲವಾದರೆ ನೀವು ಸೆಲೆಕ್ಟ್ ಮಾಡಿದ ತುಂಡು ಪೂರ್ತಿಯಾಗಿಲ್ಲ. ಅರ್ಧ ಎಕ್ಸ್‌ಪ್ರೆಷನ್ ಹಿಡಿದರೆ ಟೂಲ್ ಒಪ್ಪುವುದಿಲ್ಲ. ಮೌಸ್‌ನಿಂದ ಎಳೆಯುವ ಬದಲು "ಎಕ್ಸ್‌ಪಾಂಡ್ ಸೆಲೆಕ್ಷನ್" ಬಳಸಿ, ರಚನೆಯ ಗಡಿ ತಾನಾಗಿ ಸಿಗುತ್ತದೆ. ಒಳಗೆ ಬ್ರೇಕ್, ರಿಟರ್ನ್ ಇದ್ದರೆ, ಅಥವಾ ಆ ತುಂಡು ಎರಡು ಮೂರು ವೇರಿಯಬಲ್ ಬದಲಿಸಿ ಹೊರಗೆ ಕೊಡಬೇಕಿದ್ದರೂ ಹಲವು ಟೂಲ್‌ಗಳು ನಿರಾಕರಿಸುತ್ತವೆ. ಚಿಕ್ಕ ತುಂಡು ಹಿಡಿಯಿರಿ.

ಎರಡನೆಯದು ಅಪಾಯಕಾರಿ. ಒಂದು ಇಫ್ ಸಾಲು ಹೀಗಿದೆ ಅನ್ನಿ: ಬಳಕೆದಾರನ ಆಬ್ಜೆಕ್ಟ್ ಇದ್ದರೆ, ಮತ್ತು ಅದರ ಹೆಸರಿನ ಉದ್ದ ಸೊನ್ನೆಗಿಂತ ಜಾಸ್ತಿಯಿದ್ದರೆ. ಮೊದಲ ಭಾಗ ಸುಳ್ಳಾದರೆ ಎರಡನೆಯದನ್ನು ಕಂಪ್ಯೂಟರ್ ನೋಡುವುದೇ ಇಲ್ಲ, ಅದರಿಂದಲೇ ಕೋಡ್ ಸುರಕ್ಷಿತ. ಈಗ ನೀವು ಹೆಸರಿನ ಉದ್ದವನ್ನು ಎಕ್ಸ್‌ಟ್ರಾಕ್ಟ್ ವೇರಿಯಬಲ್ ಮಾಡಿದರೆ ಅದು ಇಫ್‌ನ ಮೇಲಿನ ಸಾಲಿಗೆ ಹೋಗಬಹುದು. ಆಬ್ಜೆಕ್ಟ್ ಇಲ್ಲದಿದ್ದರೂ ಉದ್ದ ಕೇಳುತ್ತದೆ, ಪ್ರೋಗ್ರಾಂ ಬೀಳುತ್ತದೆ. ಇನ್‌ಲೈನ್‌ನಲ್ಲಿ (ವೇರಿಯಬಲ್ ತೆಗೆದು, ಅದರೊಳಗಿನ ಕೋಡನ್ನೇ ಬಳಸಿದ ಕಡೆ ಬರೆಯುವುದು) ಇದರ ತಿರುವು ಮುರುವು: ಒಮ್ಮೆ ಕರೆದು ವೇರಿಯಬಲ್‌ನಲ್ಲಿ ಇಟ್ಟಿದ್ದ ಫಂಕ್ಷನ್, ಇನ್‌ಲೈನ್ ಆದ ಮೇಲೆ ಬಳಸಿದ ಕಡೆಯೆಲ್ಲ ಮತ್ತೆ ಮತ್ತೆ ಓಡುತ್ತದೆ. ಅದು ಡೇಟಾಬೇಸ್‌ಗೆ ಬರೆಯುವ ಫಂಕ್ಷನ್ ಆಗಿದ್ದರೆ? ಎಕ್ಸ್‌ಟ್ರಾಕ್ಟ್, ಇನ್‌ಲೈನ್ ಮಾಡಿದಾಗ ಡಿಫ್ (ಏನೇನು ಬದಲಾಯಿತೆಂಬ ಪಟ್ಟಿ) ಓದದೆ ಮುಂದೆ ಹೋಗಬೇಡಿ.

ಲಕ್ಷಣ: ಬ್ರಾಕೆಟ್ ಎಡಿಟಿಂಗ್ ದಾರಿ ತಪ್ಪಿದೆ

ಎಕ್ಸ್‌ಪಾಂಡ್ ಸೆಲೆಕ್ಷನ್ ಒಂದು ಸಾಲಿನಿಂದ ನೇರ ಇಡೀ ಫೈಲ್‌ಗೆ ಹಾರುತ್ತದೆ, ಅಥವಾ ಪ್ಯಾರೆಡಿಟ್ (ಬ್ರಾಕೆಟ್ ಜೋಡಿ ಮುರಿಯದಂತೆ ನೋಡಿಕೊಳ್ಳುವ ಎಡಿಟಿಂಗ್ ಸಾಧನ) ನಿಮಗೆ ಬ್ರಾಕೆಟ್ ಅಳಿಸಲು ಬಿಡುತ್ತಿಲ್ಲ. ಫೈಲ್‌ನ ರಚನೆ ಮೇಲೆಲ್ಲೋ ಮುರಿದಿದೆ. ಟ್ರೀ-ಸಿಟರ್ ತಪ್ಪಿರುವ ಕೋಡನ್ನೂ ಓದುತ್ತದೆ, ಅರ್ಥವಾಗದ ಭಾಗಕ್ಕೆ ಎರರ್ ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಆ ಗುರುತಿನ ಆಸುಪಾಸಿನ ಆಯ್ಕೆಗಳನ್ನು ನಂಬಬೇಡಿ. ನಿಯೋವಿಮ್ ಎಡಿಟರ್‌ನಲ್ಲಿ "ಇನ್‌ಸ್ಪೆಕ್ಟ್ ಟ್ರೀ" ಕಮಾಂಡ್ ಮರವನ್ನೇ ತೋರಿಸುತ್ತದೆ, ಎರರ್ ಮೊದಲು ಎಲ್ಲಿ ಬಂತೆಂದು ನೋಡಿ. ಹೆಚ್ಚಾಗಿ ಮುಚ್ಚದ ಒಂದು ಕೋಟ್ ಸಿಗುತ್ತದೆ.

ಲಕ್ಷಣ: ಚಿಕ್ಕ ಬದಲಾವಣೆ, ಆದರೆ ಡಿಫ್ ಸಾವಿರಾರು ಸಾಲು

ಸ್ಪೇಸ್ ಬಿಟ್ಟು ನೋಡುವ ಡಬ್ಲ್ಯು ಆಯ್ಕೆಯ ಜೊತೆ ಗಿಟ್ ಡಿಫ್ ಕೊಡಿ. ಡಿಫ್ ಕುಗ್ಗಿದರೆ ಸಾಲಿನ ಕೊನೆಯ ಗುರುತು ಬದಲಾಗಿದೆ, ಅಥವಾ ಸೇವ್ ಮಾಡಿದಾಗ ಫಾರ್ಮ್ಯಾಟರ್ ಓಡಿದೆ. ಫಾರ್ಮ್ಯಾಟಿಂಗ್ ಬೇರೆ ಕಮಿಟ್, ರಿಫ್ಯಾಕ್ಟರಿಂಗ್ ಬೇರೆ ಕಮಿಟ್. ಎರಡೂ ಬೆರೆತರೆ ರಿವ್ಯೂ ಮಾಡುವವರಿಗೆ ತಪ್ಪು ಕಾಣುವುದೇ ಇಲ್ಲ.

ನೀವೇ ಬರೆದ ಕೋಡ್‌ಮಾಡ್ ಸ್ಕ್ರಿಪ್ಟ್ (ಕೋಡನ್ನು ತಾನಾಗಿ ತಿದ್ದುವ ಪ್ರೋಗ್ರಾಂ) ಓಡಿಸಿ ಕಾಮೆಂಟ್‌ಗಳೇ ಮಾಯವಾಗಿದ್ದರೆ ಕಾರಣ ಪಾರ್ಸರ್. ಪೈಥಾನ್‌ನ ಎಎಸ್‌ಟಿ ಮಾಡ್ಯೂಲ್ ಕಾಮೆಂಟ್ ಇಟ್ಟುಕೊಳ್ಳುವುದಿಲ್ಲ, ಅದರಿಂದ ಮತ್ತೆ ಕೋಡ್ ಬರೆಸಿದರೆ ಕಾಮೆಂಟ್, ಖಾಲಿ ಸಾಲು ಎರಡೂ ಹೋಗುತ್ತವೆ. ಅವನ್ನು ಕಾಪಾಡುವ ಲಿಬ್‌ಸಿಎಸ್‌ಟಿ ಬಳಸಿ. ಜಾವಾಸ್ಕ್ರಿಪ್ಟ್‌ಗೆ ರೀಕಾಸ್ಟ್ ಇದೆ.

ಲಕ್ಷಣ: ಹಳೆ ಕೋಡನ್ನೇ ನೋಡುತ್ತಿದೆ, ಅಥವಾ ತುಂಬ ನಿಧಾನ

ಗಿಟ್ ಬ್ರಾಂಚ್ ಬದಲಿಸಿದ ಮೇಲೆ ಇಲ್ಲದ ಫೈಲ್‌ಗಳ ಎರರ್ ಬರುತ್ತಿದ್ದರೆ ಸರ್ವರ್ ರೀಸ್ಟಾರ್ಟ್ ಸಾಕು. ಲಿನಕ್ಸ್‌ನಲ್ಲಿ ಪದೇ ಪದೇ ಆದರೆ ಫೈಲ್ ಮೇಲೆ ಕಣ್ಣಿಡುವ ಐನೋಟಿಫೈ ಮಿತಿ ಮುಗಿದಿರಬಹುದು. ವಿಎಸ್ ಕೋಡ್ ಅದನ್ನು 5,24,288ಕ್ಕೆ ಏರಿಸಲು ಹೇಳುತ್ತದೆ. ನಿಧಾನಕ್ಕೆ ಮದ್ದು ಅಂತ ಮೊದಲೇ ಮೆಮೊರಿ ಏರಿಸಬೇಡಿ. ಬಿಲ್ಡ್ ಫೋಲ್ಡರ್, ಲಾಗ್ ಫೋಲ್ಡರ್, ತಾನಾಗಿ ತಯಾರಾದ ಕೋಡ್ ಇಂಡೆಕ್ಸ್ ಆಗುತ್ತಿದ್ದರೆ ಮೊದಲು ಅವನ್ನು ಹೊರಗಿಡಿ.

ಲಕ್ಷಣ: ನನ್ನ ಯಂತ್ರದಲ್ಲಿ ಬಿಲ್ಡ್ ಆಗುತ್ತದೆ, ಬಿಲ್ಡ್ ಸರ್ವರ್‌ನಲ್ಲಿ ಫೈಲೇ ಸಿಗುತ್ತಿಲ್ಲ

ಫೈಲ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರ ಮಾತ್ರ ಬದಲಿಸಿದ್ದೀರಾ? ವಿಂಡೋಸ್, ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅನ್ನುತ್ತವೆ, ಲಿನಕ್ಸ್ ಒಪ್ಪುವುದಿಲ್ಲ. ಗಿಟ್‌ಗೂ ಬದಲಾವಣೆ ಗೊತ್ತಾಗಿರುವುದಿಲ್ಲ. ಗಿಟ್ ಎಂವಿಯಿಂದ ಮೊದಲು ಯಾವುದಾದರೂ ತಾತ್ಕಾಲಿಕ ಹೆಸರು ಕೊಟ್ಟು, ಆಮೇಲೆ ಬೇಕಾದ ಹೆಸರಿಗೆ ತನ್ನಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಹೆಸರು ನಿಮ್ಮ ರೆಪೋದ ಹೊರಗೂ ಬಳಕೆಯಲ್ಲಿದ್ದರೆ ಟೂಲ್ ಬಿಡಿ, ಮೊದಲು ಅದನ್ನು ಬಳಸುವವರ ಜೊತೆ ಮಾತಾಡಿ. ಬೇರೆಯವರು ಬಳಸುವ ಲೈಬ್ರರಿಯ ಫಂಕ್ಷನ್, ಎಪಿಐ ಫೀಲ್ಡ್, ಡೇಟಾಬೇಸ್ ಕಾಲಂ, ಡಿಸ್ಕ್‌ನಲ್ಲಿ ಆಗಲೇ ಉಳಿದಿರುವ ಡೇಟಾ, ಇವಕ್ಕೆ ಯಾವ ರಿನೇಮ್ ಕೈಯೂ ಎಟುಕುವುದಿಲ್ಲ. ಹೊಸ ಹೆಸರು ಸೇರಿಸಿ, ಹಳತನ್ನು ಸ್ವಲ್ಪ ಕಾಲ ಉಳಿಸಿ, ಎಲ್ಲರೂ ದಾಟಿದ ಮೇಲೆ ತೆಗೆಯಿರಿ. ಟೆಸ್ಟ್ ಇಲ್ಲದ ಭಾಗದಲ್ಲಿ ಕೋಡ್‌ಮಾಡ್ ಓಡಿಸುವ ಮುಂಚೆಯೂ ನಿಲ್ಲಿ, ಕನಿಷ್ಠ ಒಂದೆರಡು ಟೆಸ್ಟ್ ಬರೆದು ಮುಂದೆ ಹೋಗಿ.

ಎಲ್ಲ ನೋಡಿದರೂ ದೋಷ ಸಿಗದಿದ್ದರೆ ಎರಡು ಮೂರು ಫೈಲ್‌ನ ಪುಟ್ಟ ಪ್ರಾಜೆಕ್ಟ್ ಮಾಡಿ, ಅದೇ ರಿನೇಮ್ ಅಲ್ಲಿ ಮಾಡಿ. ಅಲ್ಲಿ ಸರಿಯಾಗಿ ನಡೆದರೆ ತೊಂದರೆ ನಿಮ್ಮ ಪ್ರಾಜೆಕ್ಟ್‌ನ ಸೆಟ್ಟಿಂಗ್‌ನಲ್ಲಿದೆ, ತಂಡದಲ್ಲಿ ಬಿಲ್ಡ್ ನೋಡಿಕೊಳ್ಳುವವರನ್ನು ಕೇಳಿ. ಅಲ್ಲೂ ಕೆಟ್ಟರೆ ಟೂಲ್ ಬರೆದವರಿಗೆ ಆ ಪುಟ್ಟ ಪ್ರಾಜೆಕ್ಟನ್ನೇ ಕಳಿಸಿ. ಎಡಿಟರ್, ಎಕ್ಸ್‌ಟೆನ್ಷನ್, ಸರ್ವರ್ ಮೂರರ ಆವೃತ್ತಿ ಬರೆಯಿರಿ. ಏನಾಗಬೇಕಿತ್ತು, ಏನಾಯಿತು ಅಂತ ಒಂದೊಂದು ಸಾಲಿನಲ್ಲಿ ಹೇಳಿ. ಲಾಗ್ ಸೇರಿಸುವ ಮುಂಚೆ ಒಮ್ಮೆ ಪೂರ್ತಿ ಓದಿ, ಏಕೆಂದರೆ ಸರ್ವರ್ ಲಾಗ್‌ನಲ್ಲಿ ನಿಮ್ಮ ಫೋಲ್ಡರ್‌ಗಳ ಹೆಸರು, ಕೆಲವು ಸಲ ನಿಮ್ಮ ಕೋಡ್ ಸಾಲುಗಳು, ಅದರೊಳಗೆ ಮರೆತು ಬಿಟ್ಟ ಪಾಸ್‌ವರ್ಡ್ ಸಹ ಇರಬಹುದು.